ಇಳಿಜಾರು ರಂಗದ ಮೇಲೆ ನೆಟ್ಟಗೆ

ಸ್ವಿಟ್ಜರ್ಲೆಂಡಿನ ಲೊಸಾನ್‌ನ ಬ್ಯಾಲೆ ಸ್ಪರ್ಧೆಯನ್ನು ನೋಡಬೇಕು ಅನ್ನಿಸಿದರೆ ಕೊನೆಯ ದಿನದ ಫೈನಲ್‌ನಿಂದ ಶುರುಮಾಡಬೇಡಿ. ವಾರದ ಮೊದಲಿನ ಬೆಳಗಿನ ಪಾಠ ನೋಡಿ. ಈಚಿನ ವರ್ಷಗಳಲ್ಲಿ ಅದನ್ನೂ ಇಂಟರ್ನೆಟ್ಟಿನಲ್ಲಿ ನೇರವಾಗಿ ತೋರಿಸುತ್ತಾರೆ. ಅಲ್ಲಿ ಟುಟು ಇಲ್ಲ, ಕಿರೀಟವಿಲ್ಲ, ಬಣ್ಣದ ಬೆಳಕಿಲ್ಲ. ಹದಿನೈದರಿಂದ ಹದಿನೆಂಟರ ಹುಡುಗ ಹುಡುಗಿಯರು ಮೈಗಂಟಿದ ಸರಳ ಉಡುಪಿನ ಮೇಲೆ ಒಂದೊಂದು ನಂಬರ್ ಹಚ್ಚಿಕೊಂಡು, ಬಾರ್ ಎನ್ನುವ ಅಡ್ಡಗೋಲಿನ ಮೇಲೆ ಕೈಯಿಟ್ಟು ನಿಂತಿರುತ್ತಾರೆ. ಮೂಲೆಯಲ್ಲಿ ಪಿಯಾನೋ. ಒಂದು ಬದಿಯಲ್ಲಿ ತೀರ್ಪುಗಾರರ ಸಾಲು.

ಪಿಯಾನೋ ಶುರುವಾದ ಮೇಲೆ ಆಗುವುದು ಇಷ್ಟೇ: ಕಾಲು ಮುಂದೆ ಸರಿಯುತ್ತದೆ, ಹಿಂದಕ್ಕೆ ಬರುತ್ತದೆ. ತಾಂದ್ಯು ಅನ್ನುತ್ತಾರೆ ಇದಕ್ಕೆ. ಬ್ಯಾಲೆ ಕಲಿಯುವ ಮಗು ಮೊದಲ ವಾರದಲ್ಲೇ ಮಾಡುವಂಥದ್ದು, ದೊಡ್ಡ ಕಲಾವಿದೆ ನಿವೃತ್ತಿಯ ದಿನ ಬೆಳಿಗ್ಗೆಯೂ ಮಾಡುವಂಥದ್ದು. ಹತ್ತಿರದಿಂದ ನೋಡಿದರೆ ಅದರೊಳಗೊಂದು ಸಣ್ಣ ನಾಟಕವೇ ನಡೆಯುತ್ತಿರುತ್ತದೆ. ಮುಂದೆ ಹೋಗುವಾಗ ಹಿಮ್ಮಡಿ ದಾರಿ ತೋರಿಸಬೇಕು. ಪಾದ ನೆಲವನ್ನು ಒತ್ತಿ ಸವರುತ್ತ ಹೋಗಿ, ಕೊನೆಗೆ ಬೆರಳುಗಳ ತುದಿ ಮಾತ್ರ ನೆಲದಲ್ಲಿ ಉಳಿಯಬೇಕು. ಹಿಂದೆ ಬರುವಾಗ ಬೆರಳು ಮೊದಲು, ಹಿಮ್ಮಡಿ ಆಮೇಲೆ. ಇಷ್ಟೆಲ್ಲ ಆಗುವಾಗ ಸೊಂಟ ಅಲ್ಲಾಡಬಾರದು. ಇಡೀ ತೊಡೆ ಸೊಂಟದ ಕೀಲಿನಿಂದಲೇ ಹೊರಕ್ಕೆ ತಿರುಗಿರಬೇಕು; ಮಂಡಿಯನ್ನು ತಿರುಚಿ ಪಾದವನ್ನಷ್ಟೇ ಹೊರಕ್ಕೆ ಮಾಡಿದರೆ ತಿಳಿದವರ ಕಣ್ಣಿಗೆ ತಕ್ಷಣ ಬೀಳುತ್ತದೆ. ಎಂಟು ಮಾತ್ರೆ ಕಳೆಯುವಷ್ಟರಲ್ಲಿ ಸಾಲಿನಲ್ಲಿ ಯಾರು ವ್ಯಾಯಾಮ ಮಾಡುತ್ತಿದ್ದಾರೆ, ಯಾರು ಆಗಲೇ ಕುಣಿಯುತ್ತಿದ್ದಾರೆ ಎಂಬುದು ಗೊತ್ತಾಗಿಬಿಡುತ್ತದೆ. ಒಬ್ಬಳು ಪಿಯಾನೋ ಹೇಳಿದ್ದನ್ನು ಕೇಳಿಸಿಕೊಂಡು ಕಾಲನ್ನು ಕೊನೆಯ ಗಳಿಗೆಯಲ್ಲಿ ಮುಚ್ಚುತ್ತಾಳೆ. ಪಕ್ಕದವಳು ಅಷ್ಟೇ ಚೆಂದದ ಕಾಲಿನವಳು, ಆದರೆ ಮನಸ್ಸಿನಲ್ಲಿ ಎಣಿಸುತ್ತಿರುತ್ತಾಳೆ. ಅದು ಮುಖದಲ್ಲೂ ಕಾಣಿಸುತ್ತದೆ.

ಈ ಸ್ಪರ್ಧೆಯ ರುಚಿ ಇರುವುದು ಇಲ್ಲಿ. ಫೈನಲ್‌ಗೆ ಯಾರನ್ನು ಕಳಿಸಬೇಕು ಎಂದು ಅಂಕ ಹಾಕುವಾಗ ಪಾಠಕ್ಕೂ ರಂಗದ ಮೇಲೆ ಒಬ್ಬರೇ ಕುಣಿಯುವ ವೇರಿಯೇಷನ್‌ಗೂ ಸಮಪಾಲು. ಶಾಸ್ತ್ರೀಯ ಪಾಠ, ಸಮಕಾಲೀನ ಪಾಠ, ಶಾಸ್ತ್ರೀಯ ವೇರಿಯೇಷನ್, ಸಮಕಾಲೀನ ವೇರಿಯೇಷನ್, ನಾಲ್ಕಕ್ಕೂ ತಲಾ ಕಾಲುಭಾಗ. ತಿಂಗಳುಗಟ್ಟಲೆ ತಿದ್ದಿ ತೀಡಿ ತಂದ ಒಂದೂವರೆ ನಿಮಿಷದ ನೃತ್ಯ ಎಷ್ಟೇ ಮಿಂಚಿದರೂ, ಬೆಳಗಿನ ಪಾಠದಲ್ಲಿ ಹೇಳಿಕೊಟ್ಟದ್ದನ್ನು ಮೈಗೆ ತಂದುಕೊಳ್ಳಲಾಗದವರಿಗೆ ಇಲ್ಲಿ ದಾರಿ ಕಷ್ಟ. ಮಗು ಈಗ ಏನು ಮಾಡುತ್ತದೆ ಅನ್ನುವುದಕ್ಕಿಂತ ಮುಂದೆ ಏನಾಗಬಲ್ಲದು ಎಂಬ ಕಡೆಗೇ ಇಲ್ಲಿ ನೋಟ.

ಇಂಥದ್ದೊಂದು ಸ್ಪರ್ಧೆಯನ್ನು ಹುಟ್ಟುಹಾಕಿದಾತ ನೃತ್ಯದವನೇ ಅಲ್ಲ. ಫಿಲಿಪ್ ಬ್ರೌನ್‌ಶ್ವೈಗ್ ಸ್ವಿಟ್ಜರ್ಲೆಂಡಿನ ಲಾ ಶೋ ದ ಫೋನ್ ಊರಿನ ಉದ್ಯಮಿ. ಅವರ ಪೋರ್ಟೆಸ್ಕ್ಯಾಪ್ ಕಂಪನಿ ಹೆಸರು ಮಾಡಿದ್ದು ಇನ್‌ಕಾಬ್ಲಾಕ್ ಎಂಬ ಪುಟ್ಟ ಸಾಧನದಿಂದ. ಕೈಗಡಿಯಾರ ಕೆಳಗೆ ಬಿದ್ದಾಗ ಒಳಗಿನ ಚಕ್ರದ ಕೂದಲೆಳೆಯಂಥ ಅಚ್ಚು ಮುರಿಯದ ಹಾಗೆ ಏಟನ್ನು ತಾನು ನುಂಗಿಕೊಳ್ಳುವ ಸ್ಪ್ರಿಂಗು ಅದು. ಹೆಂಡತಿ ಎಲ್ವೀರ್ ನರ್ತಕಿ. ಪ್ರತಿಭೆ ಇದ್ದೂ ಒಳ್ಳೆಯ ಶಾಲೆಯ ಖರ್ಚು ಭರಿಸಲಾಗದ ಮಕ್ಕಳನ್ನು ಕಂಡು 1973ರಲ್ಲಿ ದಂಪತಿ ಈ ಸ್ಪರ್ಧೆ ಶುರುಮಾಡಿದರು. ಬಹುಮಾನವೂ ಅದಕ್ಕೆ ತಕ್ಕಂತೆಯೇ ಇತ್ತು: ಗೆದ್ದವರಿಗೆ ಒಂದು ವರ್ಷದ ಓದು. ಲಂಡನ್ನಿನ ರಾಯಲ್ ಬ್ಯಾಲೆ ಸ್ಕೂಲ್, ಕಾನ್‌ನಲ್ಲಿ ರೊಸೆಲ್ಲಾ ಹೈಟವರ್ ನಡೆಸುತ್ತಿದ್ದ ಕೇಂದ್ರ, ಬ್ರಸೆಲ್ಸ್‌ನಲ್ಲಿ ಮೊರಿಸ್ ಬೆಜಾರ್ ಕಟ್ಟಿದ್ದ ‘ಮುದ್ರಾ’, ಮೂರರಲ್ಲಿ ಇಷ್ಟಬಂದದ್ದನ್ನು ಆರಿಸಿಕೊಳ್ಳಬಹುದಿತ್ತು. ಈಗ ಶಾಲೆಗಳ ಪಟ್ಟಿ ಬೆಳೆದಿದೆ, ಕಂಪನಿಗಳೂ ಸೇರಿವೆ. ಬಹುಮಾನದ ಸ್ವಭಾವ ಮಾತ್ರ ಬದಲಾಗಿಲ್ಲ. ಗೆದ್ದು ಮನೆಗೆ ಹೋಗುವ ಸ್ಪರ್ಧೆಗಳೇ ಲೋಕದಲ್ಲಿ ಹೆಚ್ಚು; ಗೆದ್ದರೆ ಮನೆ ಬಿಟ್ಟು ಹೊರಡಬೇಕಾದ ಸ್ಪರ್ಧೆ ಇದು.

ಹಾಗಾಗಿ ‘ಹೋಗಲೋ ಬೇಡವೋ’ ಅನ್ನುವ ಪ್ರಶ್ನೆ ಇಲ್ಲಿ ಬಹಳ ಗಂಭೀರ. ಹದಿನೈದರ ಹುಡುಗಿಗೆ ಬಹುಮಾನ ಬಂದರೆ ಮುಂದಿನ ಸೆಪ್ಟೆಂಬರಿನಲ್ಲಿ ಅವಳು ಬೇರೆ ದೇಶದ ಹಾಸ್ಟೆಲಿನಲ್ಲಿರುತ್ತಾಳೆ. ಅದಕ್ಕೆ ಮನಸ್ಸಿಲ್ಲದವರು ಅರ್ಜಿ ಹಾಕದಿರುವುದೇ ಒಳ್ಳೆಯದು.

ಬ್ಯಾಲೆಗೆ ಸ್ಪರ್ಧೆ ಹುಟ್ಟುಗುಣವೇನೂ ಅಲ್ಲ. ಹದಿನಾಲ್ಕನೇ ಲೂಯಿ ಪ್ಯಾರಿಸ್‌ನಲ್ಲಿ ನೃತ್ಯದ ಅಕಾಡೆಮಿ ಸ್ಥಾಪಿಸಿದ್ದು 1661ರಲ್ಲಿ. ಬಲ್ಗೇರಿಯಾದ ವಾರ್ನಾದಲ್ಲಿ ಮೊದಲ ಅಂತಾರಾಷ್ಟ್ರೀಯ ಸ್ಪರ್ಧೆ ನಡೆದದ್ದು 1964ರಲ್ಲಿ. ನಡುವಿನ ಮುನ್ನೂರು ವರ್ಷ ಟಾಗ್ಲಿಯೋನಿ, ಪಾವ್ಲೋವಾ ಅಂಥ ದೊಡ್ಡ ನರ್ತಕಿಯರೂ ಯಾರ ಅಂಕಪಟ್ಟಿಯ ಹಂಗೂ ಇಲ್ಲದೆ ಕುಣಿದು ಹೋದರು. ವಾರ್ನಾ ಬಂದ ಮೇಲೆ ಗಾಳಿ ಬದಲಾಯಿತು. ಕಪ್ಪು ಸಮುದ್ರದ ದಂಡೆಯ ಉದ್ಯಾನದಲ್ಲಿ, ಬಯಲು ರಂಗಮಂದಿರದಲ್ಲಿ, ರಾತ್ರಿಯ ತೇವದ ಗಾಳಿಯಲ್ಲಿ ನಡೆಯುವ ಸ್ಪರ್ಧೆ ಅದು. ಮೊದಲ ವರ್ಷ ವ್ಲಾದಿಮಿರ್ ವಾಸಿಲಿಯೆವ್ ಗೆದ್ದರು, 1966ರಲ್ಲಿ ಕಿರಿಯರ ವಿಭಾಗದ ಚಿನ್ನ ಹದಿನೆಂಟರ ಬರಿಷ್ನಿಕೋವ್‌ಗೆ. 1969ರಲ್ಲಿ ಮಾಸ್ಕೋ, 1979ರಲ್ಲಿ ಅಮೆರಿಕದ ಜಾಕ್ಸನ್. 1999ರಲ್ಲಿ ಬೊಲ್ಶೊಯ್‌ನ ಹಳೆಯ ನರ್ತಕರಾದ ಲರಿಸಾ ಮತ್ತು ಗೆನಾಡಿ ಸವೆಲಿಯೆವ್ ಯೂತ್ ಅಮೆರಿಕಾ ಗ್ರಾನ್ ಪ್ರಿ ಶುರುಮಾಡಿದರು. ಅಲ್ಲಿ ಒಂಬತ್ತು ವರ್ಷದ ಮಕ್ಕಳಿಗೂ ವಿಭಾಗ ಉಂಟು. 2011ರ ‘ಫಸ್ಟ್ ಪೊಸಿಷನ್’ ಸಾಕ್ಷ್ಯಚಿತ್ರ ನೋಡಿದವರಿಗೆ ಆ ಲೋಕದ ಪರಿಚಯ ಇರುತ್ತದೆ. ಅಷ್ಟು ಎಳೆಯ ಮಕ್ಕಳು ಹುಬ್ಬು ತೀಡಿಕೊಂಡು ದೊಡ್ಡವರ ನಗು ನಗುವುದನ್ನು ಆಸ್ವಾದಿಸಲು ನನ್ನಿಂದ ಆಗದು. ಅದರಲ್ಲಿ ಪ್ರತಿಭೆ ಇಲ್ಲವೆಂದಲ್ಲ. ಹಣ್ಣಾಗದ್ದನ್ನು ಹಣ್ಣಿನ ಬೆಲೆಗೆ ತೂಗುವುದು ಕಣ್ಣಿಗೆ ಹಿತವಲ್ಲ, ಅಷ್ಟೆ.

ಸ್ಪರ್ಧೆಗೆ ಹೋಗುವುದನ್ನು ಯಾರು ತೀರ್ಮಾನಿಸಬೇಕು ಎನ್ನುವುದಕ್ಕೆ ಕ್ಯೂಬಾದ ನರ್ತಕ ಕಾರ್ಲೋಸ್ ಅಕೋಸ್ಟಾ ಕತೆ ಚೆನ್ನಾಗಿದೆ. ಹವಾನಾದ ಬಡ ಬಡಾವಣೆಯ ಹುಡುಗ, ಅಪ್ಪ ಟ್ರಕ್ ಚಾಲಕ. ಮಗನ ಕನಸು ಫುಟ್‌ಬಾಲ್. ಬೀದಿ ಅಲೆಯುವುದು ತಪ್ಪಲಿ ಎಂದು ಬ್ಯಾಲೆ ಶಾಲೆಗೆ ಹಾಕಿದ್ದು ಅಪ್ಪ. ಇಟಲಿಯ ಟ್ಯೂರಿನ್‌ಗೆ ಕರೆದೊಯ್ದು, ಅಲ್ಲಿಂದ ಲೊಸಾನ್‌ಗೆ ಹೊರಡಿಸಿದ್ದು ಗುರು ರಮೋನಾ ದ ಸಾ. 1990ರಲ್ಲಿ ಚಿನ್ನದ ಪದಕದೊಂದಿಗೆ ಹಿಂದಿರುಗಿದ. ಇಲ್ಲಿ ಅಪ್ಪನ ಹಟ ಒಂದು ಕಾಲ, ಗುರುವಿನ ಕಣ್ಣು ಇನ್ನೊಂದು ಕಾಲ ಕೆಲಸ ಮಾಡಿತು. ಹುಡುಗನ ಸ್ವಂತ ಆಸೆ ತಡವಾಗಿ ಬಂತು. ಆದರೆ ಇದನ್ನೇ ಮಾದರಿ ಮಾಡಿಕೊಂಡು ಮಕ್ಕಳನ್ನು ದೂಡುವ ಅಪ್ಪ ಅಮ್ಮಂದಿರಿಗೆ ಒಂದು ಮಾತು: ರಮೋನಾ ದ ಸಾ ಅಂಥವರ ಕಣ್ಣು ಅಪ್ಪ ಅಮ್ಮಂದಿರಿಗೆ ಇರುವುದಿಲ್ಲ. ನಮ್ಮಲ್ಲಿ ರಂಗಪ್ರವೇಶಕ್ಕೆ ಗುರುಗಳು ‘ಇನ್ನೊಂದು ವರ್ಷ ಹೋಗಲಿ’ ಎಂದಾಗ ಮನೆಯವರ ಮುಖ ಸಪ್ಪಗಾಗುತ್ತದಲ್ಲ, ಆ ಇನ್ನೊಂದು ವರ್ಷವೇ ಎಷ್ಟೋ ಸಲ ಕಲಾವಿದೆಯನ್ನು ಉಳಿಸಿರುತ್ತದೆ.

ಉಳಿಸುವುದು ಅಂದದ್ದು ಅಲಂಕಾರಕ್ಕಲ್ಲ. ಪಾಯಿಂಟ್ ಶೂ ಹಾಕಿ ತುದಿಬೆರಳ ಮೇಲೆ ಏರುವ ಕಾಲು ಇನ್ನೂ ಬೆಳೆಯುತ್ತಿರುವ ಕಾಲು. ಹೊಟ್ಟೆಗೆ ಸಾಲದೆ ಮುಟ್ಟು ನಿಂತ ಹುಡುಗಿಯ ಎಲುಬು ಒಳಗಿನಿಂದ ಬಡವಾಗುತ್ತ ಹೋಗುತ್ತದೆ. ಪಾದದ ನೀಳ ಎಲುಬುಗಳಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಸ್ಪರ್ಧೆಯ ತಯಾರಿಯೆಂದರೆ ಒಂದೇ ಹೆಜ್ಜೆಯನ್ನು ಅದೇ ಕಾಲಿನ ಮೇಲೆ ದಿನವೂ ಮತ್ತೆ ಮತ್ತೆ ಮಾಡುವುದು, ಆದ್ದರಿಂದ ಅಪಾಯ ಇನ್ನಷ್ಟು. ಲೊಸಾನ್‌ನವರು ಆರೋಗ್ಯದ ಪ್ರಶ್ನಾವಳಿ ತರಿಸಿಕೊಂಡು ವೈದ್ಯರಿಂದ ನೋಡಿಸುತ್ತಾರೆ. ತೀರ ಸೊರಗಿದವರಿಗೆ ಅಲ್ಲಿಂದ ಒಪ್ಪಿಗೆ ಸಿಗುವುದು ಕಷ್ಟ. ನೋಡುವವರಿಗೂ ಇದರಲ್ಲೊಂದು ಪಾಠವಿದೆ. ಎಲುಬಿನ ಹಂದರ ಕಾಣುವ ಮೈಯನ್ನೇ ‘ಎಂಥಾ ರೇಖೆ’ ಎಂದು ಮೆಚ್ಚುತ್ತ ಬಂದವರು ನಾವೇ ತಾನೆ.

ಹೋಗುವುದೆಂದು ತೀರ್ಮಾನವಾಯಿತು ಅನ್ನಿ. ಆಮೇಲಿನ ಮೊದಲ ಕೆಲಸ, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದ ಕೆಲಸ, ಯಾವ ವೇರಿಯೇಷನ್ ಕುಣಿಯುವುದು ಎಂಬ ಆಯ್ಕೆ. ವೇರಿಯೇಷನ್ ಅಂದರೆ ದೊಡ್ಡ ಬ್ಯಾಲೆಯೊಂದರಲ್ಲಿ ಒಬ್ಬರೇ ಕುಣಿಯುವ ಪುಟ್ಟ ಭಾಗ. ಸಂಘಟಕರು ವಯಸ್ಸಿಗೆ ತಕ್ಕಂತೆ ಪಟ್ಟಿ ಕೊಡುತ್ತಾರೆ, ಅದರಲ್ಲಿ ಒಂದನ್ನು ಆರಿಸಬೇಕು. ಹನ್ನೊಂದನೇ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರ ಕಾವ್ಯಕ್ಕೆ ಔಚಿತ್ಯವೇ ಜೀವ ಎಂದು ವಾದಿಸಿದ. ಅವನನ್ನು ತೀರ್ಪುಗಾರರ ಸಾಲಿನಲ್ಲಿ ಕೂರಿಸಿದ್ದರೆ ಅರ್ಧ ಅಂಕವನ್ನು ಆಯ್ಕೆಗೇ ಇಡುತ್ತಿದ್ದನೇನೋ.

ಉದಾಹರಣೆಗೆ ಗಮ್ಜಾಟಿ. 1877ರಲ್ಲಿ ಮಾರಿಯುಸ್ ಪೆಟಿಪಾ ಪೀಟರ್ಸ್‌ಬರ್ಗ್‌ನಲ್ಲಿ ಕಟ್ಟಿದ ‘ಲಾ ಬಯಾದೇರ್’ನ ರಾಜಕುಮಾರಿ. ಕತೆ ನಡೆಯುವುದು ನಮ್ಮ ನೆರೆಯ ಗೋಲ್ಕೊಂಡದಲ್ಲಿ. ನಾಯಕಿ ದೇವಾಲಯದ ನರ್ತಕಿ. ನಾವು ಕಂಡ ಗೋಲ್ಕೊಂಡಕ್ಕೂ ಈ ಗೋಲ್ಕೊಂಡಕ್ಕೂ ಸಂಬಂಧ ಹುಡುಕಬಾರದು, ನಕ್ಕು ಮುಂದೆ ಹೋಗಬೇಕು. ವೇರಿಯೇಷನ್ ಮಾತ್ರ ಸ್ಪರ್ಧೆಗಳಲ್ಲಿ ಬಲು ಜನಪ್ರಿಯ: ರಂಗವನ್ನು ಸೀಳಿಕೊಂಡು ಹೋಗುವ ದೊಡ್ಡ ನೆಗೆತಗಳು, ಬಿರುಸಾದ ತಿರುವುಗಳು. ನೆಗೆತ ಬಲವಾಗಿರುವ ಹುಡುಗಿಗೆ ಹೇಳಿ ಮಾಡಿಸಿದ್ದು. ತೊಂದರೆ ಏನೆಂದರೆ ಹತ್ತರಲ್ಲಿ ಒಂಬತ್ತು ಜನ ಇದನ್ನು ಬಹುಮಾನ ಆಗಲೇ ಕೈಗೆ ಬಂದವರ ಹಾಗೆ ಹಲ್ಲು ಬಿಟ್ಟು ಕುಣಿಯುತ್ತಾರೆ. ಗಮ್ಜಾಟಿ ತಾನು ಮದುವೆಯಾಗಲಿರುವವನ ಮನಸ್ಸು ಬೇರೆಯವಳಲ್ಲಿದೆ ಎಂದು ತಿಳಿದವಳು. ಅವಳ ನೆಗೆತದಲ್ಲಿ ದರ್ಪ ಇದೆ, ದರ್ಪದ ಕೆಳಗೆ ಪುಕ್ಕಲುತನ ಇದೆ. ಗಲ್ಲವನ್ನು ಒಂದಿಷ್ಟು ಎತ್ತಿ, ತುಟಿ ಬಿಗಿದು, ತೋಳನ್ನು ನಿಧಾನಕ್ಕೆ ಇಳಿಸುವ ಹತ್ತನೆಯವಳು ಬಂದಾಗ ಕಣ್ಣು ತಾನಾಗಿ ನೆಟ್ಟಗಾಗುತ್ತದೆ.

ಇನ್ನು ‘ರೇಮೊಂಡಾ’ದ ಕೊನೆಯ ಅಂಕದ ವೇರಿಯೇಷನ್. 1898ರದು, ಸಂಗೀತ ಗ್ಲಜುನೋವ್‌ದು, ಪೆಟಿಪಾಗೆ ಆಗ ಎಂಬತ್ತು ಹತ್ತಿರ. ವಾದ್ಯವೃಂದ ಸುಮ್ಮನಾಗಿ ಪಿಯಾನೋ ಮುಂದೆ ಬರುತ್ತದೆ. ಒಂದು ಕೈ ತಲೆಯ ಹಿಂದೆ, ಹಂಗೇರಿಯ ಕುಣಿತದ ಠೀವಿ. ಕಾಲು ಬುರೆಯಲ್ಲಿ, ಅಂದರೆ ತುದಿಬೆರಳ ಮೇಲೆ ಬಲು ಸಣ್ಣ ಹೆಜ್ಜೆಗಳಲ್ಲಿ, ಜಾರಿಕೊಂಡು ಹೋಗುತ್ತದೆ. ನಡುನಡುವೆ ಎರಡು ಅಂಗೈ ಒಂದಕ್ಕೊಂದು ತಾಗುತ್ತವೆ. ಕೆಲವರು ಚಪ್ಪಾಳೆ ಕೇಳುವ ಹಾಗೆ ತಟ್ಟುತ್ತಾರೆ, ಕೆಲವರು ಸದ್ದೇ ಆಗದ ಹಾಗೆ ಒಂದನ್ನೊಂದು ಸವರಿ ಬಿಡುತ್ತಾರೆ. ನನಗೆ ಸದ್ದು ಮಾಡದವರೇ ಇಷ್ಟ. ಕೇಳಿಸದ ಚಪ್ಪಾಳೆಯಲ್ಲಿ ರಾಜಮನೆತನ ಹೆಚ್ಚು ಕಾಣುತ್ತದೆ. ಇಲ್ಲಿ ನೆಗೆತ ಕಡಿಮೆ, ಆದ್ದರಿಂದ ಮರೆಸಿಕೊಳ್ಳಲು ಜಾಗವೂ ಇಲ್ಲ. ಹದಿನೇಳರವಳು ಇದನ್ನು ಆರಿಸಿಕೊಂಡರೆ ತನ್ನ ಮೇಲೆ ತನಗೆ ಅಷ್ಟು ಭರವಸೆ ಇದೆ ಎಂದರ್ಥ, ಇಲ್ಲವೇ ಗುರು ಅವಳನ್ನು ಸರಿಯಾಗಿ ಕಂಡಿದ್ದಾರೆ.

ಆದರೆ ಮತ್ತೆ ಮತ್ತೆ ನೋಡಿಯೂ ಸಾಲದು ಅನ್ನಿಸುವುದು ಜಿಸೆಲ್‌ಳ ಮೊದಲ ಅಂಕದ ವೇರಿಯೇಷನ್. 1841ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಬ್ಯಾಲೆಯಲ್ಲಿ ಈ ಭಾಗ ಇರಲಿಲ್ಲ. ಮುಂದೆ ಪೀಟರ್ಸ್‌ಬರ್ಗ್‌ನಲ್ಲಿ ಸೇರಿಕೊಂಡಿತು. ಹಳ್ಳಿಯ ಹುಡುಗಿ, ಎದೆ ದುರ್ಬಲ, ಕುಣಿಯಬೇಡ ಎಂಬ ಅಮ್ಮನ ಕಟ್ಟಪ್ಪಣೆ. ಇವತ್ತೊಂದು ದಿನ ಒಪ್ಪಿಗೆ ಸಿಕ್ಕಿದೆ. ಎದುರಿಗೆ ತಾನು ಮರುಳಾದ ಹುಡುಗ ನಿಂತಿದ್ದಾನೆ, ಅವನು ವೇಷ ಮರೆಸಿದ ಸಿರಿವಂತ ಎಂದು ಅವಳಿಗೆ ತಿಳಿಯದು. ವೇರಿಯೇಷನ್‌ನ ನಡುವೆ ಒಂದು ಜಾಗ: ಲಂಗದ ಅಂಚು ಹಿಡಿದು, ಎಡಗಾಲ ತುದಿಬೆರಳ ಮೇಲೆ ಕುಪ್ಪಳಿಸುತ್ತ, ಬಲಗಾಲಿನಿಂದ ಗಾಳಿಯಲ್ಲಿ ಸಣ್ಣ ಸುತ್ತು ಬರೆಯುತ್ತ, ರಂಗದ ಒಂದು ಮೂಲೆಯಿಂದ ಓರೆಯಾಗಿ ಎದುರು ಮೂಲೆಗೆ ಬರಬೇಕು. ಇಡೀ ಮೈಯ ಭಾರ ಒಂದೇ ಪಾದದ ತುದಿಯ ಮೇಲೆ, ಅದೂ ಕುಪ್ಪಳಿಸುತ್ತ. ಮಂಡಿ ಒಂದಿಷ್ಟು ಬಾಗಿರಬೇಕು, ಹರಡು ಸಡಿಲವಾಗಬಾರದು. ಅಷ್ಟಾಗಿ ನೋಡುವವರಿಗೆ ಇದೊಂದು ಮುಗ್ಧ ಹುಡುಗಾಟ ಅನ್ನಿಸಬೇಕು.

ಸ್ಪರ್ಧೆಯ ರಂಗದಲ್ಲಿ ಅಮ್ಮ ಇಲ್ಲ, ಹುಡುಗ ಇಲ್ಲ, ಗುಡಿಸಲಿಲ್ಲ. ಖಾಲಿ ನೆಲ, ಹಿಂದೊಂದು ಪರದೆ. ಕುಪ್ಪಳಿಸುವುದನ್ನು ಎಣಿಸಿಕೊಂಡು ಬರುವವಳು ಎದುರು ಮೂಲೆ ತಲುಪುತ್ತಾಳೆ, ಚಪ್ಪಾಳೆಯೂ ಬರುತ್ತದೆ. ಇನ್ನೊಬ್ಬಳು ಬರುತ್ತ ಬರುತ್ತ ಒಂದು ಸಲ ಬದಿಗೆ ಕಣ್ಣು ಹಾಯಿಸುತ್ತಾಳೆ, ‘ನೋಡುತ್ತಿದ್ದೀಯಾ?’ ಅನ್ನುವ ಹಾಗೆ. ಆ ಗಳಿಗೆಯಲ್ಲಿ ಅಲ್ಲಿ ಹುಡುಗ ಬಂದು ನಿಂತುಬಿಡುತ್ತಾನೆ. ಭರತನಾಟ್ಯದ ಪದಗಳ ಅಭಿನಯದಲ್ಲಿ ಇಲ್ಲದ ಸಖಿಯ ಜೊತೆ ಮಾತಾಡುವ ನಾಯಿಕೆಯನ್ನು ನೋಡಿ ಬೆಳೆದ ನಮಗೆ ಇದು ಅಪರಿಚಿತವಲ್ಲ. ಒಬ್ಬರೇ ಎಲ್ಲ ಪಾತ್ರಗಳನ್ನೂ ಅಭಿನಯಿಸುವ ಏಕಾಹಾರ್ಯದ ಮರ್ಮವೇ ಇದು. ಅಂದಹಾಗೆ ‘ಜಿಸೆಲ್’ ಕತೆ ಬರೆದವರಲ್ಲಿ ಒಬ್ಬನಾದ ಥಿಯೋಫಿಲ್ ಗೋತಿಯೆ, ಅದಕ್ಕೆ ಮೂರು ವರ್ಷ ಮೊದಲು, 1838ರಲ್ಲಿ, ಪುದುಚೇರಿಯ ಕಡೆಯಿಂದ ಪ್ಯಾರಿಸ್‌ಗೆ ಬಂದಿದ್ದ ದೇವದಾಸಿಯರ ನೃತ್ಯ ಕಂಡು ಮಾರುಹೋಗಿ ಬರೆದಿದ್ದ. ಅವರಲ್ಲಿ ಅಮ್ಮಣಿ ಎಂಬಾಕೆಯನ್ನು ವಿಶೇಷವಾಗಿ ಮೆಚ್ಚಿದ್ದ. ಮುಂದೆ 1858ರಲ್ಲಿ ಪ್ಯಾರಿಸ್ ಒಪೆರಾಕ್ಕೆ ಕಾಳಿದಾಸನ ಶಕುಂತಲೆಯನ್ನೂ ಬ್ಯಾಲೆ ಮಾಡಿಕೊಟ್ಟ. ಜಿಸೆಲ್‌ಳ ಓರೆನೋಟಕ್ಕೆ ಅಮ್ಮಣಿ ಕಾರಣ ಎಂದು ಹೇಳಲು ನಾನೇನೂ ಹೊರಟಿಲ್ಲ. ಅಂಥ ಕಣ್ಣುಗಳನ್ನು ಆತ ನೋಡಿದ್ದ ಎಂಬುದಷ್ಟೇ ನನಗೆ ಸಾಕು.

ಆಯ್ಕೆ ಆದ ಮೇಲೆ ಶೂ. ಪಾಯಿಂಟ್ ಶೂನೊಳಗೆ ಮರದ ತುಂಡು ಇರುತ್ತದೆ ಎಂದು ನಂಬಿದವರು ಈಗಲೂ ಸಿಗುತ್ತಾರೆ. ಹಳೆಯ ಪದ್ಧತಿಯ ಶೂನಲ್ಲಿ ಇರುವುದು ಬಟ್ಟೆ, ನಾರಿನ ಗೋಣಿ, ಕಾಗದ, ಅಂಟು. ಪದರದ ಮೇಲೆ ಪದರ ಹಚ್ಚಿ ಒಣಗಿಸಿದಾಗ ಬೆರಳುಗಳ ಸುತ್ತ ಒಂದು ಗಟ್ಟಿ ಗೂಡಾಗುತ್ತದೆ. ಅಂಗಾಲಿನ ಕೆಳಗೆ ಬಿರುಸಾದ ಪಟ್ಟಿ, ಮೇಲೆ ಸ್ಯಾಟಿನ್. 1929ರಲ್ಲಿ ಶುರುವಾದ ಲಂಡನ್ನಿನ ಫ್ರೀಡ್ ಕಂಪನಿಯಲ್ಲಿ ಶೂ ಮಾಡುವ ಒಬ್ಬೊಬ್ಬರಿಗೂ ಒಂದೊಂದು ಗುರುತಿದೆ: ಒಬ್ಬರದು ಅಕ್ಷರ, ಒಬ್ಬರದು ಗಂಟೆ, ಒಬ್ಬರದು ಲಂಗರು. ಅಟ್ಟೆಯ ಮೇಲೆ ಅದು ಒತ್ತಿರುತ್ತದೆ. ನರ್ತಕಿಗೆ ತನ್ನ ಶೂ ಮಾಡುವವರ ಮುಖ ಗೊತ್ತಿಲ್ಲದಿದ್ದರೂ ಗುರುತು ಗೊತ್ತು. ಅವರು ಕೆಲಸ ಬಿಟ್ಟರೆ ಇವಳಿಗೆ ಚಿಂತೆ ಹತ್ತುತ್ತದೆ.

ಅಂಗಡಿಯಿಂದ ಬಂದ ಶೂ ಕುಣಿಯುವ ಶೂ ಅಲ್ಲ. ರಿಬ್ಬನ್ನನ್ನೂ ಎಲಾಸ್ಟಿಕ್ಕನ್ನೂ ನರ್ತಕಿಯೇ ಹೊಲಿದುಕೊಳ್ಳಬೇಕು, ಎಲ್ಲಿ ಹೊಲಿಯಬೇಕೆಂಬುದು ಅವಳ ಪಾದದ ಕಮಾನಿಗೆ ಮಾತ್ರ ಗೊತ್ತು. ತುದಿಯ ಸ್ಯಾಟಿನ್ ಜಾರುತ್ತದೆಂದು ಕತ್ತರಿಸಿ ತೆಗೆಯುತ್ತಾರೆ, ಅಂಚಿಗೆ ದಪ್ಪ ದಾರದಲ್ಲಿ ಒತ್ತಾಗಿ ಹೊಲಿಗೆ ಹಾಕುತ್ತಾರೆ. ಅಟ್ಟೆಯನ್ನು ಕೈಯಲ್ಲಿ ಬಗ್ಗಿಸುತ್ತಾರೆ, ಗೀರುತ್ತಾರೆ. ಗೂಡನ್ನು ಸಿಮೆಂಟು ಮೆಟ್ಟಿಲಿಗೆ ಕುಟ್ಟುತ್ತಾರೆ. ಹಾಗೆ ಮಾಡದಿದ್ದರೆ ನೆಗೆದು ಇಳಿದಾಗಲೆಲ್ಲ ಟಕ್ ಟಕ್ ಎನ್ನುತ್ತದೆ, ಕನಸಿನಂತೆ ಇಳಿಯಬೇಕಾದವಳ ಕಾಲಿನಿಂದ ಬಡಗಿಯ ಸದ್ದು ಬರುತ್ತದೆ. ರಂಗಕ್ಕೆ ಹೋಗುವ ಮುನ್ನ ಪೆಟ್ಟಿಗೆಯಲ್ಲಿಟ್ಟ ರಾಳದ ಪುಡಿಯನ್ನು ತುಳಿದು ಹೋಗುತ್ತಾರೆ. ಜಿಸೆಲ್‌ಳ ಕುಪ್ಪಳಿಕೆಗೆ ಪಟ್ಟಿ ಗಟ್ಟಿಯಾಗಿರುವ ಶೂ ಬೇಕು, ಇಲ್ಲವಾದರೆ ಭಾರ ಹೊರಲಾರದೆ ಕುಸಿಯುತ್ತದೆ. ರೇಮೊಂಡಾಳ ಬುರೆಗೆ ಒಂದಿಷ್ಟು ಪಳಗಿ ಮೆತ್ತಗಾದ ಶೂ ಬೇಕು, ಪಾದ ನೆಲವನ್ನು ಹಿಡಿದು ಸಾಗಲು. ಹೊಸದಾಗಿರಬಾರದು, ಸತ್ತಿರಲೂಬಾರದು, ನಡುವಿನ ಅವಧಿ ಬಹಳ ಚಿಕ್ಕದು. ಶನಿವಾರದ ಫೈನಲ್‌ಗೆ ಸರಿಯಾಗಿ ಹದಕ್ಕೆ ಬರುವಂತೆ ಸೋಮವಾರದಿಂದ ಮೂರು ನಾಲ್ಕು ಜೋಡಿಗಳನ್ನು ಸಾಕುವುದಿದೆಯಲ್ಲ, ಅದು ತಾಳ್ಮೆಯ ಕೆಲಸ. ತೀರ್ಪುಗಾರರಿಗೆ ಇದು ಕಾಣಿಸುವುದಿಲ್ಲ. ಕೆಟ್ಟಿದ್ದರೆ ಮಾತ್ರ ಕಾಣಿಸುತ್ತದೆ.

ಅಭ್ಯಾಸದ ಕೋಣೆಯಲ್ಲಿ ಕನ್ನಡಿ ಇರುತ್ತದೆ. ಅದು ಗುರುವೂ ಹೌದು, ಚಟವೂ ಹೌದು. ಕನ್ನಡಿ ನೋಡಿ ಕುಣಿದವರ ತಲೆ ಯಾವಾಗಲೂ ಒಂದು ಅಂಗುಲ ತಪ್ಪಾಗಿ ತಿರುಗಿರುತ್ತದೆ, ಏಕೆಂದರೆ ಕಣ್ಣು ತನ್ನನ್ನೇ ಹುಡುಕುತ್ತಿರುತ್ತದೆ. ಸ್ಪರ್ಧೆ ಹತ್ತಿರವಾದಂತೆ ಒಳ್ಳೆಯ ಗುರುಗಳು ಪರದೆ ಎಳೆದು ಕನ್ನಡಿ ಮುಚ್ಚುತ್ತಾರೆ, ಇಲ್ಲವೇ ಎದುರಿನ ಗೋಡೆಯ ಕಡೆ ಮುಖ ಮಾಡಿಸುತ್ತಾರೆ. ಟುಟು ಹಾಕಿ ಅಭ್ಯಾಸ ಮಾಡಿಸುವುದೂ ಆಗಲೇ. ತಟ್ಟೆಯಂತೆ ಹರಡಿದ ಟುಟು ಸೊಂಟಕ್ಕೆ ಬಂದ ಕೂಡಲೇ ನರ್ತಕಿಗೆ ತನ್ನ ಕಾಲು ಕಾಣದಾಗುತ್ತದೆ. ಕಾಣದ ಕಾಲನ್ನು ನಂಬುವುದನ್ನು ಕಲಿಯಬೇಕು.

ಕನ್ನಡಿ ಹೋದರೂ ಲೊಸಾನ್‌ನಲ್ಲಿ ಇನ್ನೊಂದು ಕಾಟ ಕಾದಿರುತ್ತದೆ. ಬೋಲ್ಯು ರಂಗಮಂದಿರದ ವೇದಿಕೆ ಪ್ರೇಕ್ಷಕರ ಕಡೆಗೆ ಇಳಿಜಾರು, ಶೇ 3.6ರಷ್ಟು. ಯುರೋಪಿನ ಹಳೆಯ ರಂಗಗಳಲ್ಲಿ ಹಲವು ಹೀಗೆಯೇ. ಹಿಂದಿನ ಸಾಲಿನ ನರ್ತಕರೂ ಕಾಣಲಿ ಎಂದು ಮಾಡಿದ್ದು. ಸಂಖ್ಯೆ ಸಣ್ಣದು ಅನ್ನಿಸುತ್ತದೆ. ಒಂದೇ ಕಾಲಿನ ತುದಿಯ ಮೇಲೆ ನಿಂತವರಿಗೆ ಅದು ಸಣ್ಣದಲ್ಲ. ಸಮತಟ್ಟಾದ ನೆಲದಲ್ಲಿ ವರ್ಷಗಟ್ಟಲೆ ಕಂಡುಕೊಂಡ ಸಮತೋಲ ಇಲ್ಲಿ ಮುಂದಕ್ಕೆ ಸುರಿಯುತ್ತದೆ. ತಿರುಗಲು ಹೋದರೆ ಮೈ ಕೆಳಮುಖವಾಗಿ ಜಾರುತ್ತದೆ. ಹಿಂದಕ್ಕೆ ಹೋಗುವ ಹೆಜ್ಜೆ ಏರು, ಮುಂದೆ ಬರುವುದು ಇಳಿತ. ವಾರದ ಮೊದಲ ದಿನಗಳಲ್ಲಿ ಅಲ್ಲಿ ಎಂಥೆಂಥ ಪರಿಣತರೂ ತಡವರಿಸುವುದನ್ನು ನೋಡಬಹುದು. ಕುತ್ತಿಗೆಯ ಹಿಂಬದಿಯಲ್ಲಿ, ಬೆನ್ನಿನ ಕೆಳಭಾಗದಲ್ಲಿ ಏನೋ ಒಂದು ಎಳೆಯಷ್ಟು ಹಿಂದೆ ಸರಿಸಿಕೊಂಡಾಗ ಮತ್ತೆ ನಿಲುವು ಸಿಗುತ್ತದೆ. ಬುಧವಾರದ ಹೊತ್ತಿಗೆ ಕೆಲವರು ಅದನ್ನು ಕಂಡುಕೊಂಡಿರುತ್ತಾರೆ. ಅವರ ಮೇಲೆ ಕಣ್ಣಿಡಿ.

ಈ ದಿನಗಳಲ್ಲಿ ಸ್ಪರ್ಧಿಗಳಿಗೆ ಹಿರಿಯ ಕಲಾವಿದರು ಬಂದು ವೇರಿಯೇಷನ್ ತಿದ್ದಿಕೊಡುತ್ತಾರೆ. ಪ್ಯಾರಿಸ್ ಒಪೆರಾದ ತಾರೆಯಾಗಿದ್ದ ಮೊನೀಕ್ ಲುಡಿಯೆರ್ ಹಲವು ವರ್ಷ ಈ ಕೆಲಸ ಮಾಡಿದವರು. ಇಂಥ ತಿದ್ದುಪಡಿಯಲ್ಲಿ ಹೊಸದೇನನ್ನೂ ಸೇರಿಸುವುದು ಅಪರೂಪ. ತೆಗೆಯುವುದೇ ಹೆಚ್ಚು. ಒಂದು ಹೆಚ್ಚಿನ ತಿರುವು ತೆಗೆ, ಕಿವಿಗೆ ತಾಗುವಷ್ಟು ಎತ್ತುತ್ತಿರುವ ಕಾಲನ್ನು ಕೆಳಗಿಳಿಸು, ಮುಗುಳ್ನಗೆ ಇಷ್ಟು ಬೇಡ. ತಿರುಗುವ ಮುನ್ನ ಎರಡೂ ಮಂಡಿ ಬಗ್ಗಿಸಿ ನಿಲ್ಲುವ ಒಂದು ಗಳಿಗೆ ಇದೆ. ‘ಈಗ ನೋಡಿ, ತಿರುಗುತ್ತೇನೆ’ ಎಂದು ಡಂಗುರ ಸಾರಿದಂತೆ ನಿಲ್ಲುವುದು ಎಳೆಯರ ಅಭ್ಯಾಸ. ಆ ನಿಲುಗಡೆಯನ್ನು ಹಿಂದಿನ ಹೆಜ್ಜೆಯೊಳಗೇ ಕರಗಿಸಿದಾಗ ತಿರುವು ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ. ಮೂರು ಸುತ್ತು ಸುತ್ತಿ ತತ್ತರಿಸಿದವರಿಗಿಂತ, ಎರಡೇ ಸುತ್ತು ಸುತ್ತಿ ಸಂಗೀತದ ಜೊತೆ ಮುಗಿಸಿದವರು ನೆನಪಲ್ಲಿ ಉಳಿಯುತ್ತಾರೆ. ಸ್ಪರ್ಧೆಗಳಿಂದಾಗಿ ಬ್ಯಾಲೆ ಸರ್ಕಸ್ ಆಗುತ್ತಿದೆ ಎಂಬ ದೂರು ಸುಳ್ಳಲ್ಲ. ಆ ದೂರಿಗೆ ಉತ್ತರ ಕೊಡುತ್ತಿರುವವರು ಇಂಥ ತಿದ್ದುವವರೇ.

ಸಮಕಾಲೀನ ವೇರಿಯೇಷನ್ ಬಗ್ಗೆ ನನಗೆ ಅಷ್ಟು ಮಾತಿಲ್ಲ. ಗೊಯೊ ಮೊಂಟೆರೊ, ವೇಯ್ನ್ ಮ್ಯಾಕ್‌ಗ್ರೆಗರ್ ಅಂಥವರ ರಚನೆಗಳು ಪಟ್ಟಿಯಲ್ಲಿದ್ದದ್ದುಂಟು. ಹುಟ್ಟಾ ನೆಟ್ಟಗೆ ನಿಲ್ಲುವುದನ್ನೇ ಕಲಿತ ಮೈ ಇಲ್ಲಿ ನೆಲಕ್ಕೆ ತನ್ನನ್ನು ಒಪ್ಪಿಸಬೇಕು. ಎಷ್ಟೋ ಮಕ್ಕಳು ಕೆಳಗೆ ಬೀಳುವಾಗಲೂ ಬೆರಳು ಚಾಚಿಯೇ ಬೀಳುತ್ತಾರೆ. ಬಿದ್ದೇಬಿಡುವವರು ಸಿಕ್ಕಾಗ ಖುಷಿಯಾಗುತ್ತದೆ.

ನಮ್ಮ ದೇಶದಿಂದ ಈ ಹಾದಿಗೆ ಬಂದವರು ವಿರಳ. ಮುಂಬಯಿಯ ಅಮೀರುದ್ದೀನ್ ಶಾ, ಮನೀಷ್ ಚೌಹಾಣ್ ಇಬ್ಬರ ಕತೆ 2020ರ ‘ಯೇ ಬ್ಯಾಲೆ’ ಚಿತ್ರದಿಂದ ಮನೆಮಾತಾಯಿತು. ಯೆಹುದಾ ಮಾವೋರ್ ಎಂಬ ಗುರು ಅವರನ್ನು ಪಳಗಿಸಿದರು. ಅಮೀರುದ್ದೀನ್ ರಾಯಲ್ ಬ್ಯಾಲೆ ಸ್ಕೂಲ್ ತಲುಪಿದ. ಮನೀಷ್ ಬ್ಯಾಲೆ ಹಿಡಿದದ್ದು ಕಾಲೇಜು ಓದುವ ವಯಸ್ಸಿನಲ್ಲಿ, ಲೊಸಾನ್‌ನ ಬಾಗಿಲು ಮುಚ್ಚುವ ಹೊತ್ತಿಗೆ. ಆದರೂ ಆತ ಕುಣಿದ, ಆ ಚಿತ್ರದಲ್ಲಿ ತನ್ನ ಪಾತ್ರವನ್ನು ತಾನೇ ಮಾಡಿದ. ಹದಿನೆಂಟು ದಾಟಿದರೆ ಎಲ್ಲ ಮುಗಿಯಿತು ಅನ್ನುವ ತಾಯ್ತಂದೆಯರಿಗೆ ಆ ಚಿತ್ರ ತೋರಿಸಬಹುದು.

ವಾರದ ಕೊನೆಗೆ ಎಂಬತ್ತರ ಆಸುಪಾಸಿನವರಲ್ಲಿ ಇಪ್ಪತ್ತು ಚಿಲ್ಲರೆ ಮಂದಿ ಫೈನಲ್‌ಗೆ ಉಳಿಯುತ್ತಾರೆ. ಹೆಸರು ಕರೆಯುವಾಗ ತಮ್ಮ ನಂಬರ್ ಬಾರದವರ ಮುಖವನ್ನು ಕ್ಯಾಮೆರಾ ತೋರಿಸದಿದ್ದರೆ ಒಳ್ಳೆಯದಿತ್ತು, ತೋರಿಸುತ್ತದೆ. ಆದರೆ ಅವರ ಪಾಲಿನ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಸೋಮವಾರದಿಂದ ಪಾಠದ ಕೋಣೆಯ ಬದಿಯಲ್ಲಿ ತೀರ್ಪುಗಾರರಲ್ಲದ ಕೆಲವರೂ ಕೂತು ನೋಡುತ್ತಿರುತ್ತಾರೆ: ಬೇರೆ ಬೇರೆ ದೇಶಗಳ ಶಾಲೆ, ಕಂಪನಿಗಳ ನಿರ್ದೇಶಕರು. ಫೈನಲ್ ತಲುಪದವರಿಗಾಗಿಯೇ ಆ ನಿರ್ದೇಶಕರ ಮುಂದೆ ಮತ್ತೊಂದು ಪಾಠ ಏರ್ಪಡಿಸುತ್ತಾರೆ. ಬಾರ್ ಹಿಡಿದು ಮತ್ತೆ ಅದೇ ತಾಂದ್ಯು. ಬಹುಮಾನದ ಪಟ್ಟಿಯಲ್ಲಿ ಹೆಸರಿಲ್ಲದ ಎಷ್ಟೋ ಮಕ್ಕಳಿಗೆ ಅಲ್ಲಿಂದಲೇ ಶಾಲೆ ಸಿಗುತ್ತದೆ. ಆ ವಾರ ನೋಡುವವರು ಬಹುಮಾನ ಬಂದವರ ಜೊತೆಗೆ, ಪಾಠದಲ್ಲಿ ತಮಗೆ ಹಿಡಿಸಿದ ಒಂದೆರಡು ನಂಬರುಗಳನ್ನೂ ಬರೆದಿಟ್ಟುಕೊಳ್ಳಿ. ನಾಲ್ಕೈದು ವರ್ಷ ಬಿಟ್ಟು ಯಾವುದಾದರೂ ಕಂಪನಿಯ ಪಾತ್ರಪಟ್ಟಿಯಲ್ಲಿ ಆ ಹೆಸರು ಕಂಡರೆ ನಿಮ್ಮ ಕಣ್ಣಿನ ಮೇಲೆ ನಿಮಗೇ ಒಂದಿಷ್ಟು ಜಂಬ ಬರುತ್ತದೆ.